ಹರಿಗೋಲಿನಲ್ಲಿ ಎದ್ದು ನಿಂತದ್ದು

ನಮ್ಮ ಸೀಮೆಯವರಿಗೆ ನೀರಿನ ಮೇಲೆ ಕೂರುವುದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಬಡವನಹಳ್ಳಿ ಕಡೆಯ ನಮ್ಮ ಕೆರೆ ತುಂಬುತ್ತಿದ್ದದ್ದೇ ಅಪರೂಪ. ಉಳಿದ ವರ್ಷಗಳಲ್ಲಿ ಅದರ ಅಂಗಳದಲ್ಲೇ ಕಾಲುದಾರಿ. ಈಚೆ ದಡದಲ್ಲಿ ನನ್ನ ಅತ್ತೆಮನೆ, ಆಚೆ ದಡದಲ್ಲಿ ತವರು. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ನಡೆದು ಮುಟ್ಟಬಹುದು. ಅಪ್ಪನಿಲ್ಲದ ನನ್ನನ್ನು ಅವ್ವ ಆ ಧೈರ್ಯದ ಮೇಲೆಯೇ ಅಲ್ಲಿಗೆ ಕೊಟ್ಟದ್ದು. ಮಹಾರಾಜರ ಕಾಲದ ಮಾತು ಇದು. ನಾನು ಮದುವೆಯಾಗಿ ಬಂದ ವರ್ಷವೇ ಕೆರೆ ತುಂಬಿ ಕೋಡಿ ಹರಿಯಬೇಕೆ! ಊರೆಲ್ಲ ಕುಣಿಯಿತು. ನಾನು ಒಳಗೆ ಕೂತು ಕಣ್ಣೀರು ಹಾಕಿದೆ.

ಕೋಡಿಯ ನೀರು ಏರಿಯ ದಾರಿಯನ್ನೂ ಕಡಿದಿತ್ತು. ಎರಡೂ ಊರಿನವರು ಸೇರಿ ಹೊಳೆಸೀಮೆಯಿಂದ ಒಬ್ಬ ಅಂಬಿಗನನ್ನು ಕರೆಸಿದರು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲನ್ನು ಗಾಡಿಯ ಮೇಲೆ ಕವುಚಿಕೊಂಡು ಬಂದ.

ಅವನ ಕಟ್ಟುನಿಟ್ಟು ನೋಡಿ ಜನ ನಕ್ಕರು. ಏಳು ಜನ ಸರಿ, ಎಂಟನೆಯವರು ದೇವರೇ ಆದರೂ ಇಲ್ಲ. ತಳದಲ್ಲೇ ಕೂರಬೇಕು, ಅಂಚಿಗೆ ಒರಗಬಾರದು. ಗಾಳಿ ಎದ್ದರೆ ಗೌಡರ ಮನೆಯವರು ಕಾದಿದ್ದರೂ ಹರಿಗೋಲು ನೀರಿಗಿಳಿಯದು. ನಮ್ಮ ಜನವೋ, ಏರಿಯ ಮೇಲಿನ ಗಂಗಮ್ಮನ ಗುಡಿ ಕಂಡ ಕೂಡಲೇ ನಡುನೀರಿನಲ್ಲಿ ದಡಕ್ಕನೆ ಎದ್ದು, ಎಲ್ಲರೂ ಒಂದೇ ಕಡೆ ತಿರುಗಿ ಕೈಮುಗಿಯುವವರು! ಮೊದಲ ದಿನವೇ ಮಗುಚುವುದರಲ್ಲಿತ್ತಂತೆ. "ಕುಂತ್ಕೊಂಡೇ ಮುಗೀರಪ್ಪಾ, ಗಂಗಮ್ಮ ಬ್ಯಾಡ ಅಂತಾಳಾ?" ಎಂದು ಗದರಿದನಂತೆ. ಆವತ್ತೇ ಎರಡೂ ಊರಿನ ಹಿರಿಯರು ಒಂದು ಕಟ್ಟು ಮಾಡಿದರು. ತಳ ನೆಲಕ್ಕೆ ಉಜ್ಜುವ ಮೊದಲು ಯಾರು ಎದ್ದು ನಿಂತರೂ ಅವರನ್ನು ಇಳಿಸದೆ ಹತ್ತಿದ ದಡಕ್ಕೇ ವಾಪಸು ತರಬೇಕು. ನೀರು ಇಳಿಯುವವರೆಗೆ ಮತ್ತೆ ಹತ್ತಿಸಬಾರದು.

ತಿಂಗಳೆಲ್ಲ ಗೋಗರೆದ ಮೇಲೆ ಅತ್ತೆ ಒಂದು ದಿನಕ್ಕೆ ಒಪ್ಪಿದರು. "ದನ ಬರೋ ಹೊತ್ಗೆ ಬಂದ್ಬುಡ್ಬೇಕು ಕಣಮ್ಮ," ಎಂದರು. ಬರುತ್ತೇನೆಂದು ಅವ್ವನಿಗೆ ಹೇಳಿಕಳಿಸಿದೆ. ಹಿಂದಿನ ದಿನ ಏನು ಮುಟ್ಟಿದರೂ ಕೆಲಸ ಕೆಟ್ಟಿತು. "ತವರಿನ ದೆವ್ವ ಹಿಡ್ದೈತೆ ಇವಳ್ಗೆ," ಎಂದು ಅತ್ತೆಯೂ ನಕ್ಕರು.

ಆವತ್ತು ಹರಿಗೋಲಿನಲ್ಲಿ ಏಳು ಜನ. ನನ್ನ ಪಕ್ಕದಲ್ಲಿ ಒಬ್ಬ ಬಾಣಂತಿ, ಮಡಿಲಲ್ಲಿ ಎರಡು ತಿಂಗಳ ಕೂಸು. ಗಂಗಮ್ಮನಿಗೆ ಕೂತೇ ಕೈಮುಗಿದೆವು. ದಡ ಹತ್ತಿರವಾಯಿತು. ಅಲ್ಲಿ ಅವ್ವ! ಹಣೆಗೆ ಕೈ ಅಡ್ಡವಿಟ್ಟು ನೀರಿನ ಕಡೆ ನೋಡುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು; ಕೂತ ಏಳು ತಲೆಗಳಲ್ಲಿ ನನ್ನದು ಯಾವುದೆಂದು ಹೇಗೆ ತಿಳಿಯಬೇಕು? ಕೂಗಿದೆ. ಕೋಡಿಯ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ಬಂದಿಲ್ಲವೆಂದುಕೊಂಡು ಅವಳು ಊರ ಕಡೆ ತಿರುಗಿದಳು. ನಾನು ಎದ್ದು ನಿಂತೆ.

ಎರಡೂ ಕೈ ಎತ್ತಿದೆನೋ ಇಲ್ಲವೋ, ಹರಿಗೋಲು ವಾಲಿ ಬಿಂದಿಗೆಗಟ್ಟಲೆ ನೀರು ಒಳಗೆ ನುಗ್ಗಿತು. ಕೂಸು ತಾಯಿಯ ಕೈಜಾರಿ ತಳದ ನೀರಿನಲ್ಲಿ ಬಿತ್ತು. ಅಂಬಿಗ ನನ್ನ ಸೆರಗು ಜಗ್ಗಿ ಕೆಡವಿ ಕೂರಿಸಿದ. "ಏನ್ ಕೆಲ್ಸ ಮಾಡ್ದೆ ತಾಯೀ!" ಎಂದ. ಕೂಸು ಕೆಮ್ಮಿತು, ನೀಲಿಗಟ್ಟಿತು, ಎಷ್ಟೋ ಹೊತ್ತಿಗೆ ಕಿಟಾರನೆ ಅತ್ತಿತು. ಆಗ ನನಗೆ ಹೋದ ಜೀವ ಬಂತು.

ದಡದಲ್ಲಿ ಎಲ್ಲರೂ ಇಳಿದರು. ನಾನು ಏಳಹೋದರೆ ಅಂಬಿಗ ಹುಟ್ಟು ಅಡ್ಡ ಹಿಡಿದ. "ನೀನು ಕುಂತ್ಕೊ."

ಬಾಣಂತಿಯೇ ಒದ್ದೆ ಕೂಸನ್ನು ಅವುಚಿಕೊಂಡು, "ಬುಡಣ್ಣಾ, ತಾಯ್ನ ನೋಡೋಕೆ ಬಂದೈತೆ," ಎಂದಳು.

"ಇವತ್ತು ಬುಟ್ರೆ ನಾಳೆ ಎಲ್ರೂ ನಿಂತ್ಕೋತಾರೆ. ಹೆಂಗ್ ಬುಡ್ಲವ್ವಾ?" ಅವನ ಕಣ್ಣೂ ಒದ್ದೆಯಾಗಿತ್ತು. ಆದರೂ ಬಿಡಲಿಲ್ಲ, ಹಾಳಾದವನು.

ಗದ್ದಲ ಕೇಳಿ ಅವ್ವ ತಿರುಗಿ ಬಂದಿದ್ದಳು. ಮೊಣಕಾಲುದ್ದ ನೀರಿಗಿಳಿದು, ತಡಕಾಡಿ ನನ್ನ ಮುಖ ಹಿಡಿದಳು. ಅವಳು ಹುಟ್ಟಿದ್ದು ಪಾವಗಡದ ಕಡೆ. ಎದೆ ತುಂಬಿದರೆ ತೆಲುಗೇ ಬಾಯಿಗೆ ಬರುತ್ತಿದ್ದದ್ದು. "ವಚ್ಚಿನಾವಾ ತಲ್ಲೀ," ಬಂದೆಯಾ ತಾಯೀ ಎಂದಳು. "ಇಳಿಸ್ಕೊ ಅವ್ವಾ," ಎಂದು ನಾನು ಗೋಳಾಡಿದೆ. ನಡೆದದ್ದನ್ನು ಬೇರೆಯವರು ಹೇಳಿದರು. ಅವಳು ನನ್ನ ಮುಖ ಬಿಡದೆ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಆ ಕೂಸು ಹೋಗಿದ್ರೆ ಏನ್ ಮಾಡ್ತಿದ್ದೆ? ಹೋಗು. ನೀರು ಇಳಿದ್ಮ್ಯಾಲೆ ನಡ್ಕೊಂಡ್ ಬರುವಂತೆ," ಎಂದು ಕೈ ತೆಗೆದಳು.

ಈಚೆಗೆ ಬರುವವರು ಹತ್ತಿದರು, ಹರಿಗೋಲು ಹೊರಟಿತು. ಅವ್ವ ಕೈಬೀಸುತ್ತಲೇ ಇದ್ದಳು. ನಾವು ಸಾಗಿದ್ದು ಒಂದು ಕಡೆ, ಅವಳು ಬೀಸುತ್ತಿದ್ದದ್ದು ಇನ್ನೊಂದು ಕಡೆ. ಇಲ್ಲಿದ್ದೀನಿ ಎಂದು ಎದ್ದು ತೋರಿಸುವ ಹಾಗಿರಲಿಲ್ಲ.

ಆ ಅಂಬಿಗನನ್ನು ನಾನು ಬೈಯದ ಬೈಗುಳವಿಲ್ಲ. ಬೈಯುತ್ತಿರುವಾಗಲೇ ಕೂಸಿನ ಕೆಮ್ಮು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಮೊಮ್ಮಕ್ಕಳನ್ನು ಕಂಡ ಮೇಲೂ ನನಗೆ ಅವ್ವ ಬೇಕು, ಏನು ಮಾಡಲಿ?

ಕೆರೆ ತುಂಬಿದ ವರ್ಷ ಚಳಿಜ್ವರವೂ ಹೆಚ್ಚು. ನೀರು ಅರ್ಧ ಇಳಿಯುವಷ್ಟರಲ್ಲಿ ಅವ್ವ ಹೋದಳು. ಸುದ್ದಿ ತಂದವನು ಆ ಅಂಬಿಗನೇ. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, "ಬಾ ತಾಯೀ, ಹತ್ತು. ಯಾರೇನಂದ್ರೂ ನಾನ್ ನೋಡ್ಕೋತೀನಿ," ಎಂದ.

ಆವತ್ತು ತಳ ನೆಲಕ್ಕೆ ಉಜ್ಜಿತು, ಎಲ್ಲರೂ ಇಳಿದು ಹೋದರು. ನಾನು ಕೂತೇ ಇದ್ದೆ. ಕೊನೆಗೆ ಅವನೇ ಹೇಳಬೇಕಾಯಿತು: "ಇನ್ನು ಏಳಬೌದು ತಾಯೀ."