ಹಳೇಬೀಡಿನ ಅಜ್ಜಿ ಹೇಳಿದ ಮಾತು

"ಅರಸೀಕೆರೆಯೇ? ಆ ಸ್ಟೇಷನ್ನಿನಲ್ಲಿ ನಾನು ರೈಲಿಗಾಗಿ ನಾಲ್ಕು ಗಂಟೆ ಕಾದಿದ್ದೇನೆ."

ಗಾಲಿಕುರ್ಚಿಯಲ್ಲಿದ್ದ ಬಿಳಿಯ ಮುದುಕರು ಇಂಗ್ಲಿಷಿನಲ್ಲಿ ಹೀಗೆಂದಾಗ ನಾನು ಮಾತ್ರೆಯ ಬಟ್ಟಲನ್ನು ಮೇಜಿನ ಮೇಲಿಟ್ಟು ಅವರತ್ತ ತಿರುಗಿದೆ. ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ವೃದ್ಧಾಶ್ರಮಕ್ಕೆ ನಾನು ನರ್ಸಾಗಿ ಬಂದು ಹನ್ನೊಂದು ದಿನವಾಗಿತ್ತು. ಯಾರು ಊರು ಕೇಳಿದರೂ 'ಬೆಂಗಳೂರಿನ ಹತ್ತಿರ' ಎಂದು ಮುಗಿಸುತ್ತಿದ್ದೆ. ಅಂದು ಹನ್ನೆರಡು ಗಂಟೆ ನಿಂತು ಕಾಲುಗಳು ಬಾತುಕೊಂಡಿದ್ದವು. ಅವರು ಕೇಳಿದಾಗ ನಿಜವಾದ ಊರಿನ ಹೆಸರೇ ಬಾಯಿಗೆ ಬಂದುಬಿಟ್ಟಿತ್ತು.

ಅವರು ಕವಿ. ದುಡಿದದ್ದು ವಿದೇಶಾಂಗ ಇಲಾಖೆಯಲ್ಲಿ. ಮೀನುಗಾರನ ಮಗ, ಐರಿಷ್ ಭಾಷೆಯ ಹಳ್ಳಿಯಲ್ಲಿ ಹುಟ್ಟಿದವರು. ಅಣ್ಣಂದಿರು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಹಿಂತಿರುಗಲೇ ಇಲ್ಲ. ಇವರು ದೇಶದ ಪ್ರತಿನಿಧಿಯಾಗಿ ಊರೂರು ಸುತ್ತಿದರು, ಸಭೆಯ ಕಾಗದಗಳ ಅಂಚಿನಲ್ಲೇ ಪದ್ಯ ಬರೆದರು. ದೆಹಲಿಯಲ್ಲಿದ್ದಾಗ ರಜೆ ಹಾಕಿ ಹಳೇಬೀಡು ನೋಡಲು ಬಂದಿದ್ದರಂತೆ. ಹೆಸರು ಹಿಡಿದು ಕರೆಯಲು ಹೇಳಿದರು. ನನ್ನ ನಾಲಿಗೆ ಏಳಲಿಲ್ಲ, ಕೊನೆಯವರೆಗೂ 'ಸರ್' ಎಂದೇ ಕರೆದೆ.

ನನ್ನ ವಾಸ ಕೇರಳದ ಇಬ್ಬರು ನರ್ಸುಗಳ ಜೊತೆ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಅಡುಗೆಮನೆಯಲ್ಲಿ ಮಲಯಾಳ, ಕೆಲಸದಲ್ಲಿ ಇಂಗ್ಲಿಷ್. ಕನ್ನಡ ಫೋನಿನಲ್ಲಿ ಮಾತ್ರ. ತೆಂಗಿನ ಊರಿನಿಂದ ಬಂದವಳು ಇಲ್ಲಿ ಒಂದೇ ಒಂದು ಕಾಯಿ ಕೊಂಡು, ಒಡೆದು ನೋಡಿದರೆ ಒಳಗೆ ಕಮಟು. ಇಲ್ಲಿಯವರು ಎಲ್ಲದಕ್ಕೂ 'ಗ್ರ್ಯಾಂಡ್' ಎನ್ನುತ್ತಾರೆ. ನಮ್ಮಲ್ಲಿ ಮದುವೆ ಗ್ರ್ಯಾಂಡಾಗಿ ಆಯಿತೆಂದರೆ ಭಾರೀ ಊಟ, ಬ್ಯಾಂಡು. ಇಲ್ಲಿ ಅದರ ಅರ್ಥ 'ಪರವಾಗಿಲ್ಲ, ಬಿಡಿ' ಎಂದಷ್ಟೇ. ಮೊಣಕಾಲು ಮುರಿದವರೂ ಗ್ರ್ಯಾಂಡ್. ಆರು ತಿಂಗಳಲ್ಲಿ ನಾನೂ ಗ್ರ್ಯಾಂಡ್ ಆದೆ.

ಆಶ್ರಮದ ಹಜಾರದಲ್ಲಿ ಅವರ ಪದ್ಯವೊಂದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಹಳೇಬೀಡಿನಲ್ಲಿ ಅರಸೀಕೆರೆಯ ಬಸ್ಸು ತಪ್ಪಿಸಿಕೊಂಡು ಬಿಸಿಲಲ್ಲಿ ನಿಂತ ಪರದೇಶಿಗೆ ಒಬ್ಬ ಮುದುಕಿ ಹೇಳುತ್ತಾಳೆ: ಹೋದವರೆಲ್ಲ ಬರುತ್ತಾರೆ. ಮಕ್ಕಳು ವಲಸೆ ಹೋದ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ ಜನ ಆ ಸಾಲನ್ನು ಓದುತ್ತಾರೆ. ಔಷಧಿಯ ಗಾಡಿ ತಳ್ಳುವಾಗ ನಾನೂ ದಿನಾ ಓದಿಕೊಳ್ಳುತ್ತಿದ್ದೆ. ಅರಸೀಕೆರೆಯಲ್ಲಿ ಗಂಡ ಮೇಷ್ಟರು, ಮಗಳು ಸಿಂಚನಾಗೆ ಒಂಬತ್ತು.

ಒಂದು ಸಂಜೆ ಅವರು ಹಳೆಯ ಟಿಪ್ಪಣಿ ಪುಸ್ತಕ ತೆಗೆದರು. ಅಜ್ಜಿಯ ಮಾತನ್ನು ಕಿವಿಗೆ ಬಿದ್ದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರು. ಅರ್ಥ ಹೇಳಿದ್ದು ಪಕ್ಕದಲ್ಲಿದ್ದ ಯಾರೋ ದಾರಿಹೋಕ. "ಸಮಗ್ರ ಕವಿತೆಗಳು ಅಚ್ಚಿಗೆ ಹೋಗುತ್ತಿವೆ ಗೀತಾ. ಸರಿಯಾಗಿದೆಯೇ, ನೋಡಿ."

ತುಟಿಯಲ್ಲೇ ಓದಿಕೊಂಡೆ. ಹೋಗಿದ್ದು ಬರಾಕಿಲ್ಲ ಕಣಪ್ಪ, ಬಾ, ನೆಳ್ಳಾಗೆ ಕುಂತ್ಕೋ.

ಹೋದ ಬಸ್ಸು ಬರುವುದಿಲ್ಲ, ನೆರಳಿಗೆ ಬಾ. ಅಷ್ಟೇ. ಪದ್ಯಕ್ಕೆ ಪೂರಾ ಉಲ್ಟಾ.

"ಸರಿಯಾಗಿದೆ ಸರ್" ಎಂದೆ. ಅವರಿಗೆ ನೋವಾದೀತು ಎಂದಷ್ಟೇ ಅಲ್ಲ. ಆ ಸಾಲು ನನಗೂ ಬೇಕಾಗಿತ್ತು.

ವಾರ ಕಳೆದ ಮೇಲೆ ಖುಷಿಯಿಂದ ಹೇಳಿದರು: ಪುಸ್ತಕದಲ್ಲಿ ನನ್ನ ಹೆಸರು ಬರುತ್ತದೆ, ಅರಸೀಕೆರೆಯ ಗೀತಾ ಈ ಮಾತನ್ನು ಖಾತ್ರಿಪಡಿಸಿದ್ದಾರೆ ಎಂದು. ಅಂದು ರಾತ್ರಿಯೇ ಎಲ್ಲವನ್ನೂ ಹೇಳಲು ಗಂಡನಿಗೆ ಫೋನ್ ಮಾಡಿದೆ.

"ವಯಸ್ಸಾದವರು ಕಣೇ, ಹಂಗೇ ಬಿಟ್ಬಿಡು" ಎಂದರು ಮೊದಲು. ಮತ್ತೆ ತಾವೇ, "ಆದ್ರೆ ಆ ಅಜ್ಜಿ ಹೇಳಿದ್ದು ಅದಲ್ವಲ್ಲ. ನಿನ್ನೆಸ್ರು ಬೇರೆ ಹಾಕ್ತಾರಂತೆ" ಎಂದರು.

ಮರುದಿನ ಕವಿಗಳಿಗೆ ಸ್ನಾನ ಮಾಡಿಸಿ, ಕಾಲುಚೀಲ ಹಾಕುತ್ತ ತಲೆ ಎತ್ತದೆ ನಿಜ ಹೇಳಿದೆ.

ಅವರು ಟಿಪ್ಪಣಿ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. "ಹಾಗಾದರೆ ಆಕೆ ನನಗೆ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ" ಎಂದರು.

"ಇಲ್ಲ ಸರ್. ನೆರಳಿಗೆ ಕರೆದರು."

"ಕರೆದಿದ್ದು ನಿಜ. ಕೈ ಹಿಡಿದು ಕೂರಿಸಿದಳು. ಅದನ್ನು ನಾನು ಪದ್ಯದಲ್ಲಿ ಬರೆಯಲೇ ಇಲ್ಲ."

ಮೂರು ದಿನ ನನ್ನ ಜೊತೆ ಹೆಚ್ಚು ಮಾತಿಲ್ಲ. ಕೇಳಿದ್ದಕ್ಕೆಲ್ಲ ಗ್ರ್ಯಾಂಡ್. ಕೆಲಸಕ್ಕೆ ಹೋಗುವುದೇ ಬೇಡವೆನಿಸಿತು. ನಾಲ್ಕನೆಯ ದಿನ ಕಾಗದ ಮುಂದಿಟ್ಟು, ಅಜ್ಜಿಯ ಮಾತನ್ನು ನಿಮ್ಮ ಲಿಪಿಯಲ್ಲಿ ಬರೆಯಿರಿ ಎಂದರು. ಪದ್ಯವನ್ನು ತಿದ್ದಲಿಲ್ಲ, ಸತ್ತವರನ್ನು ಕಳುಹಿಸಿಕೊಡುವಾಗ ಅದನ್ನು ಓದಿದವರ ಬಾಯಿಂದ ಆ ಸಾಲನ್ನು ಕಿತ್ತುಕೊಳ್ಳಲು ತನಗೆ ಹಕ್ಕಿಲ್ಲ ಎಂದರು. ಪದ್ಯದ ಕೆಳಗೆ ಅಜ್ಜಿಯ ಮಾತು, ಅದರ ಅರ್ಥ, ತಾವು ತಪ್ಪು ತಿಳಿದಿದ್ದನ್ನು ಒಪ್ಪಿಕೊಂಡ ಮಾತು ಅಚ್ಚಾದವು. ಆ ಪುಸ್ತಕದಲ್ಲಿ ನನ್ನ ಕೈಬರಹದ ಒಂದೇ ಒಂದು ಸಾಲು ಕನ್ನಡವಿದೆ.

ಪುಸ್ತಕ ಕೈಸೇರಿದ ಕೆಲವೇ ವಾರಗಳಲ್ಲಿ ತೀರಿಕೊಂಡರು. ಇಲ್ಲಿ ಸಾವಾದರೆ ಊರಿನವರೆಲ್ಲ ಸಾಲಾಗಿ ಬಂದು ಮನೆಯವರ ಕೈ ಕುಲುಕಿ, 'ನಿಮ್ಮ ಕಷ್ಟಕ್ಕೆ ವಿಷಾದ' ಎಂದು ಹೇಳಿ ಮುಂದೆ ಹೋಗುತ್ತಾರೆ. ಕೆನಡಾದಿಂದ, ಆಸ್ಟ್ರೇಲಿಯಾದಿಂದ ಬಂದಿದ್ದ ಇಬ್ಬರು ಗಂಡುಮಕ್ಕಳಿಗೆ ಯಾರ ಗುರುತೂ ಹತ್ತಲಿಲ್ಲ. ದೊಡ್ಡ ಮಗ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಇವರು ಅಂಚೆಯವರು, ಇವರು ಮೂಲೆ ಅಂಗಡಿಯಾಕೆ, ಪ್ರತಿ ಭಾನುವಾರ ನಿಮ್ಮ ತಂದೆಗೆ ಪೇಪರ್ ತರುತ್ತಿದ್ದರು ಎಂದು ನಾನು ಅವರ ಕಿವಿಯಲ್ಲಿ ಹೇಳುತ್ತ ಹೋದೆ. ಬಂದವರು ನನ್ನ ಕೈಯನ್ನೂ ಕುಲುಕಿದರು. ಈ ಊರು ನನ್ನನ್ನು ಒಳಗೆ ಸೇರಿಸಿಕೊಂಡದ್ದು ಆ ದಿನ.

ಎರಡು ತಿಂಗಳಾದ ಮೇಲೆ ರಜೆ ಸಿಕ್ಕಿತು. ಬೇಲೂರಿನ ಛತ್ರದಲ್ಲಿ ಗಂಡನ ಕಡೆಯವರ ಮದುವೆ. ದಣಿವು ಇನ್ನೂ ಆರಿರಲಿಲ್ಲ, ಸೀರೆ ಭಾರವೆನಿಸುತ್ತಿತ್ತು. ಮಾದಿಹಳ್ಳಿಯ ನೆಂಟರು, ಅರಸೀಕೆರೆಯ ನೆರೆಯವರು ಒಬ್ಬೊಬ್ಬರಾಗಿ ಬಂದು, "ಏನಮ್ಮಾ ಗೀತಾ, ಇಳಿದೋಗಿದೀಯಲ್ಲ, ಅಲ್ಲಿ ಊಟ ಸರೋಗಾಕಿಲ್ವಾ?" ಎಂದು ವಿಚಾರಿಸುತ್ತಿದ್ದರು. ಕೆಲವರ ಹೆಸರು ಮರೆತಿತ್ತು, ಕೆಲವರನ್ನು ನೋಡಿಯೇ ಇರಲಿಲ್ಲ. ನಾನು ಸುಮ್ಮನೆ ನಗುತ್ತಿದ್ದೆ. ಹಳದಿ ಸೀರೆಯ ಹೆಂಗಸೊಬ್ಬರು ಎರಡೂ ಕೈ ಹಿಡಿದುಕೊಂಡಾಗ ನನಗೆ ಗುರುತು ಹತ್ತದ್ದನ್ನು ಸಿಂಚನಾ ಗಮನಿಸಿದಳು. ನನ್ನ ಸೆರಗು ಎಳೆದು, ಬಗ್ಗಿಸಿಕೊಂಡು, ಕಿವಿಯಲ್ಲಿ ಹೇಳಿದಳು.

"ಅಮ್ಮಾ, ಇವ್ರು ವನಜಾಂಟಿ. ನೀನಿಲ್ಲದಾಗ ದಿನಾ ನಂಗೆ ಜಡೆ ಹಾಕೋರು. ಮಾತಾಡ್ಸು."