ಬಂದ್ ಮಾಡುವ ಮುನ್ನ ಒಂದು ನಿಮಿಷ

ಕೊರೋನಾ ಗದ್ದಲ ತಣ್ಣಗಾದ ಮರುವರ್ಷದ ಮಾತು. ಶಹಾಪುರದಲ್ಲಿ ನನ್ನ ಗ್ಯಾರೇಜು ಆಗಿನ್ನೂ ನಡೆಯುತ್ತಿತ್ತು. ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವುದರಲ್ಲೇ ನನ್ನ ಆಯುಷ್ಯ ಸವೆದಿದೆ. ಗಾಡಿ ಬಾಗಿಲಿಗೆ ಬರುವ ಮೊದಲೇ ಸಪ್ಪಳ ಕೇಳಿ ರೋಗ ಹೇಳುತ್ತೇನೆಂಬ ಜಂಬ ನನಗಿತ್ತು. ಗಿರಾಕಿಯೇ ರೋಗ ಹೇಳಲು ಶುರು ಮಾಡಿದರೆ ನಟ್ಟು ಬಿಚ್ಚುವ ಪಾನಾ ಅವರ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗಿಬಿಡುತ್ತಿದ್ದೆ.

ದೋರನಹಳ್ಳಿಯ ಶರಣಪ್ಪನವರು ಹಾಗೆ ಬಾಯಿ ಹಾಕುವವರಲ್ಲ. ಬೀಜ, ಗೊಬ್ಬರದ ಅಂಗಡಿ ಅವರದು. ಊರೂರು ಸುತ್ತಲು ಇಟ್ಟುಕೊಂಡಿದ್ದ ಜೀಪಿನಂಥ ಹಳೆಯ ಗಾಡಿಯ ಮೀಟರ್ ನಾಲ್ಕು ಲಕ್ಷ ಕಿಲೋಮೀಟರ್ ದಾಟಿ ಅಲ್ಲೇ ಕೆಟ್ಟು ನಿಂತಿತ್ತು. ಆ ಚಳಿಗಾಲದಲ್ಲಿ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಬಿಚ್ಚಿ ನೋಡಿದೆ. ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿ, ದೊಡ್ಡ ಪಿಸ್ಟನ್ ಕೂಡಿಸುವುದಕ್ಕೆ ರೀಬೋರ್ ಎನ್ನುತ್ತೇವೆ. ಅದಕ್ಕಿದ್ದ ಅವಕಾಶವೆಲ್ಲ ಹಿಂದೆಯೇ ಮುಗಿದಿತ್ತು. ಮೇಲಾಗಿ ಸಿಲಿಂಡರುಗಳಿರುವ ಬ್ಲಾಕೇ ಸೀಳಿತ್ತು.

"ಇಂಜಿನ್ ಮುಗದದ್ರಿ. ಇದನ್ನ ಗುಜರಿಗೆ ಹಾಕಿ ಬ್ಯಾರೆ ಗಾಡಿ ತಗೋರಿ," ಎಂದೆ.

"ಬ್ಯಾರೆ ಬ್ಯಾಡ್ರಿ ಮೇಸ್ತ್ರಿ. ಈರಣ್ಣ ಸ್ಟೇರಿಂಗ್ ಹಿಡಿಯೋದು ಕಲ್ತದ್ದು ಇದರಾಗ. ಇಂಜಿನ್ ಅಷ್ಟೇ ಬದಲ ಮಾಡ್ರಿ."

ಈರಣ್ಣ ಅವರ ಒಬ್ಬನೇ ಮಗ. ದುಡಿಮೆಗೆ ನಿಂತ ಮೇಲೆ ಅದೇ ಕಂಪನಿಯ ಹೊಸ ಮಾದರಿಯ ಗಾಡಿ ಕೊಂಡಿದ್ದ. ನೋಡಿ ಆರಿಸಿಕೊಟ್ಟವನು ನಾನೇ. ಅದರ ಇಂಜಿನ್ನಿಗೆ ಟರ್ಬೊ ಇತ್ತು. ಹೊಗೆಯ ಒತ್ತಡಕ್ಕೆ ಗರಗರ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ದೂಡುವ ಸಣ್ಣ ಫ್ಯಾನು ಅದು. ಓಡಿ ಬಂದ ಗಾಡಿಯನ್ನು ತಟ್ಟನೆ ಬಂದ್ ಮಾಡಿದರೆ ಆಯಿಲ್ ನಿಲ್ಲುತ್ತದೆ, ಕಾದ ಫ್ಯಾನು ಒಣಗಿಯೇ ತಿರುಗಿ ಸುಟ್ಟುಹೋಗುತ್ತದೆ. ಆದ್ದರಿಂದ ನಿಂತ ಮೇಲೆ ಒಂದು ನಿಮಿಷ ಇಂಜಿನ್ ಹಾಗೇ ಓಡಬೇಕು. ಎಷ್ಟು ಜನರಿಗೆ ಹೇಳಿದ್ದೇನೋ, ಕೇಳಿದವನು ಈರಣ್ಣ ಒಬ್ಬನೇ. "ಕಾಕಾ, ಮನಿ ಮುಂದ ನಾ ಗಾಡಿ ಬಂದ್ ಮಾಡೂದ್ರಾಗ ಅವ್ವ ಹಂಚು ಕಾಸಿರ್ತಾಳ," ಎಂದು ನಗುತ್ತಿದ್ದ. ಗಾಡಿಯ ಸಪ್ಪಳ ಕೇಳಿದೊಡನೆ ಅವಳು ಮಗನಿಗೆ ಬಿಸಿ ರೊಟ್ಟಿ ಬಡಿಯಲು ಕೂಡುತ್ತಿದ್ದಳಂತೆ.

ಹಿಂದಿನ ವರ್ಷ ಹೊತ್ತು ಮುಳುಗಿದ ಮೇಲೆ ಈರಣ್ಣ ಸುರಪುರದಿಂದ ಬರುತ್ತಿದ್ದಾಗ, ಹತ್ತಿ ಹೇರಿಕೊಂಡು ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಗೆ ಅವನ ಗಾಡಿ ಹಿಂದಿನಿಂದ ಬಡಿಯಿತು. ಟ್ರಾಲಿಯ ಹಿಂಬದಿ ಬಾನೆಟ್ಟಿನ ಮೇಲೆ ಹಾಯ್ದು ಗಾಜಿನೊಳಕ್ಕೆ ನುಗ್ಗಿತ್ತು. ಹುಡುಗ ಅಲ್ಲೇ ಹೋದ. ಪಂಚನಾಮೆ, ಇನ್ಶೂರೆನ್ಸ್ ಎಲ್ಲ ಮುಗಿದ ಮೇಲೆ ಶರಣಪ್ಪನವರು ಆ ಗಾಡಿಯನ್ನು ಮನೆಯ ಹಿತ್ತಲಿಗೆ ತಂದು ತಾಡಪತ್ರಿ ಹೊದಿಸಿದ್ದರು.

ಇಂಜಿನ್ ಹುಡುಕಿಕೊಂಡು ಹೈದರಾಬಾದಿನ ಗುಜರಿ ಬಜಾರಿಗೆ ಹೋದೆ. ಒಂದರ ನಂಬರನ್ನು ಉಜ್ಜಿ ಅಳಿಸಿದ್ದರು, ಅದು ಕಳ್ಳಮಾಲು. ಇನ್ನೊಂದು ನೀರಲ್ಲಿ ಮುಳುಗಿ ಎದ್ದದ್ದು, ಒಳಗೆಲ್ಲ ತುಕ್ಕು. ಬರಿಗೈಲಿ ಬಸ್ ಹತ್ತಿದೆ. ಸರಿಹೊಂದುವ ಇಂಜಿನ್ ಎಲ್ಲಿದೆ ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಟ್ರಾಲಿ ಮೇಲಿಂದ ಹಾಯ್ದಿದ್ದರಿಂದ ಹಿತ್ತಲಿನ ಗಾಡಿಯ ಇಂಜಿನ್ನಿಗೆ ಪೆಟ್ಟಾಗಿರಲಿಲ್ಲ. ಆದರೆ ಹೇಳುವುದು ಹೇಗೆ? ನಮ್ಮ ಕಡೆ ಜೀವ ತೆಗೆದುಕೊಂಡ ಗಾಡಿಯ ಒಂದು ನಟ್ಟನ್ನೂ ಮನೆಮಂದಿ ಮುಟ್ಟುವುದಿಲ್ಲ. ದೂರದ ಗುಜರಿಯವನಿಗೆ ಕೊಟ್ಟು, ಅದು ಹೋಗುವಾಗ ಮುಖ ತಿರುಗಿಸಿ ನಿಲ್ಲುತ್ತಾರೆ. ನಾವು ಹೈದರಾಬಾದಿನಲ್ಲಿ ಚೌಕಾಸಿ ಮಾಡಿ ತರುವ ಇಂಜಿನ್ನುಗಳಲ್ಲೂ ಯಾರೋ ಹಾಗೆ ಮುಖ ತಿರುಗಿಸಿ ಕಳಿಸಿದವು ಎಷ್ಟೋ ಇರುತ್ತವೆ. ಅವನ್ನು ತರುವಾಗ ಮಾತ್ರ ನಮಗೆ ಯಾವ ಅಂಜಿಕೆಯೂ ಇರುವುದಿಲ್ಲ.

ದೋರನಹಳ್ಳಿಗೆ ಹೋಗಿ, ಇಂಜಿನ್ ಸಿಗಲಿಲ್ಲ ಎಂದಷ್ಟೇ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಈರಣ್ಣನ ತಾಯಿ ಮಲ್ಲಮ್ಮ ಕೇಳಿದಳು, "ಹಿತ್ತಲದಾಗ ಇದ್ದದ್ದು ಬರಂಗಿಲ್ಲೇನಣ್ಣಾ?"

ನಾನು ಅವಳ ಗಂಡನ ಮುಖ ನೋಡಿದೆ. ಶರಣಪ್ಪನವರು ತಲೆ ಎತ್ತಲಿಲ್ಲ. "ಅದಕ್ಕ ಕೈ ಹಚ್ಚಬ್ಯಾಡ. ಜೀವ ತಗೊಂಡದ್ದು ಅದು," ಎಂದರು.

"ಜೀವ ತಗೊಂಡದ್ದು ಟ್ರಾಲಿ. ಇದು ಅವನ್ನ ದಿನಾ ಮನಿಗಿ ತಂದು ಬಿಟ್ಟದ," ಎಂದಳು ಮಲ್ಲಮ್ಮ. ಮರುದಿನ ಶರಣಪ್ಪನವರು ತಾವೇ ತಾಡಪತ್ರಿ ಸರಿಸಿಕೊಟ್ಟು ಒಳಗೆ ಹೋದರು.

ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಬಿಗಿಯುವ ಶಕ್ತಿ, ಹೊಸದರ ಹಾಗೇ ಇತ್ತು. ಇಂಜಿನ್ ಕೂಡುವ ಬ್ರ್ಯಾಕೆಟ್ಟುಗಳನ್ನು ಒಂದಿಷ್ಟು ಕತ್ತರಿಸಿ ವೆಲ್ಡ್ ಮಾಡಿಸಬೇಕಾಯಿತು, ರೇಡಿಯೇಟರ್ ದೊಡ್ಡದು ಹಾಕಬೇಕಾಯಿತು. ಯಾದಗಿರಿಯ ಆರ್‌ಟಿಒ ಕಚೇರಿಯಲ್ಲಿ ಇಂಜಿನ್ ನಂಬರ್ ಬದಲಾವಣೆಗೆ ಶರಣಪ್ಪನವರೇ ಓಡಾಡಿದರು. ಮಗನ ಗಾಡಿಯ ಇಂಜಿನ್ ನಂಬರ್ ತಂದೆಯ ಗಾಡಿಯ ಆರ್‌ಸಿಗೆ ಬಂತು.

ಗಾಡಿ ಒಯ್ಯಲು ಬಂದ ದಿನ ಅವರಿಗೆ ಹೇಳಲೇಬೇಕಾದ ಮಾತೊಂದಿತ್ತು. ಅವರ ಹಳೆಯ ಇಂಜಿನ್ನಿಗೆ ಟರ್ಬೊ ಇರಲಿಲ್ಲ, ನಿಂತ ಕೂಡಲೇ ಕೀಲಿ ತಿರುಗಿಸುವುದು ಅವರಿಗೆ ರೂಢಿ. "ನಿಂತ ಮ್ಯಾಲ ಒಂದ್ ನಿಮಿಷ ಹಂಗೇ ಬಿಡ್ರಿ," ಎಂದೆ.

"ಮನಿ ಮುಂದೂ ಹಂಗೇ ಬಿಡಬೇಕೇನ್ರಿ?"

"ಬಿಡಬೇಕ್ರಿ. ಇಲ್ಲಂದ್ರ ಸುಡ್ತದ."

"ನೀವೂ ಬರ್ರಿ ಸಂಗಟ," ಎಂದರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಾಗಲಿಲ್ಲ.

ದೋರನಹಳ್ಳಿ ಮುಟ್ಟಿದಾಗ ಸಂಜೆಯಾಗಿತ್ತು. ಮನೆ ಮುಂದೆ ನಿಲ್ಲಿಸಿ ಅವರು ಸ್ಟೇರಿಂಗ್ ಬಿಡದೆ ಕುಳಿತರು. ಇಂಜಿನ್ ಓಡುತ್ತಲೇ ಇತ್ತು. ಒಳಗೆ ಒಲೆಯ ಮೇಲೆ ಹಂಚು ಇಟ್ಟ ಸದ್ದಾಯಿತು. ಆಮೇಲೆ ಮಲ್ಲಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಡ್ರೈವರ್ ಸೀಟಿನಲ್ಲಿ ಗಂಡನನ್ನು ಕಂಡಳು. ಶರಣಪ್ಪನವರು ಕೀಲಿ ತಿರುಗಿಸಿದರು.

ನನಗೆ ಅಳು ಬಂತು. ಇಳಿದು ಹೋಗಿ, "ತಂಗೀ, ಈ ಟರ್ಬೊ ತಗದು ಇಂಜಿನ್ ಸಾದಾ ಮಾಡಿಕೊಡ್ತೀನಿ. ಆಗ ನಿಂತ ಕೂಡ್ಲೇ ಬಂದ್ ಮಾಡಬಹುದು," ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಬ್ಯಾಡಣ್ಣಾ. ಸಪ್ಪಳ ಇರೂತನಕ ಅವ ಗಾಡ್ಯಾಗ ಕುಂತಾನ ಅನಸ್ತದ. ಅಷ್ಟರೆ ಇರ್ಲಿ."

ಯಾವ ಇಂಜಿನ್ ಯಾವ ಗಾಡಿಗೆ ಹೊಂದುತ್ತದೆಂದು ಮೇಸ್ತ್ರಿಯಾದವನು ಹೇಳಬಹುದು. ಮನೆಯವರು ಯಾವುದನ್ನು ತಾಳಿಕೊಂಡಾರು ಎಂಬುದನ್ನು ಮಾತ್ರ ಅವರನ್ನೇ ಕೇಳಬೇಕು. ನನ್ನ ಕಸುಬು ಕಲಿಸಿದ ಕೊನೆಯ ಪಾಠ ಇದು. ಗ್ಯಾರೇಜು ಮುಚ್ಚಿದ್ದೇನೆ. ದೋರನಹಳ್ಳಿಗೆ ಹೋದಾಗಲೊಮ್ಮೆ ಆ ಮನೆಗೂ ಹೋಗುತ್ತೇನೆ. ಸಂಜೆ ಗಾಡಿ ಬಂದು ನಿಲ್ಲುತ್ತದೆ, ಶರಣಪ್ಪನವರು ಇಳಿಯದೆ ಕುಳಿತಿರುತ್ತಾರೆ, ಒಳಗೆ ಹಂಚು ಕಾಯುತ್ತಿರುತ್ತದೆ. ಒಮ್ಮೊಮ್ಮೆ ಅವರು ನಿಮಿಷ ಕಳೆದ ಮೇಲೂ ಕೀಲಿ ತಿರುಗಿಸುವುದಿಲ್ಲ. ನಿಮಿಷದ ಮೇಲೆ ಬಿಟ್ಟರೆ ಡೀಸೆಲ್ ಸುಮ್ಮನೆ ಉರಿಯುತ್ತದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ ನಾನು ಅವರಿಗೆ ಏನೂ ಹೇಳುವುದಿಲ್ಲ.