ಸದ್ದು ಮಾಡದ ಕ್ಲಿಪ್ಪು

ಗುಜರಿ ಬೀದಿಗೆ ಅಪಘಾತದ ಕಾರು ಬಂದಿಳಿದರೆ ಎಲ್ಲರೂ ಇಂಜಿನ್ನಿನ ಕಡೆಗೆ ಓಡುತ್ತಾರೆ. ಕ್ಲಿಪ್ಪಕ್ಕ ಮಾತ್ರ ಬಾಗಿಲಿನ ಹತ್ತಿರ ಹೋಗುತ್ತಾಳೆ. ಚಪ್ಪಟೆಯಾದ ಚಾವಣಿಯ ಮೇಲೆ ಒಂದು ಗಳಿಗೆ ಅಂಗೈ ಇಟ್ಟು, ಒಳಗಿದ್ದವರು ಯಾರೋ, ಅವರಿಗೆ ಶಾಂತಿ ಕೊಡಪ್ಪಾ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಸೊಂಟದಿಂದ ಕವೆ ತೆಗೆಯುತ್ತಾಳೆ. ತುದಿ ಎರಡಾಗಿ ಸೀಳಿದ, ಗೇಣುದ್ದದ ಉಕ್ಕಿನ ಪಟ್ಟಿ ಅದು. ಬಾಗಿಲಿನ ತಗಡಿಗೂ ಒಳಗಿನ ಹಲಗೆಗೂ ನಡುವೆ ಅದನ್ನು ತೂರಿಸಿ ಮೀಟಿದರೆ ಎರಡನ್ನೂ ಬಿಗಿಯಾಗಿ ಹಿಡಿದಿಟ್ಟ ಕ್ಲಿಪ್ಪುಗಳು ಟಕ್, ಟಕ್, ಟಕ್ ಎಂದು ಕಳಚಿ ಮಡಿಲಿಗೆ ಬೀಳುತ್ತವೆ. ರಕ್ತ ಅಂಟಿದ್ದವನ್ನು ಸೋಪಿನ ನೀರಿನಲ್ಲಿ ನೆನೆಹಾಕುತ್ತಾಳೆ. ಒಮ್ಮೆ ಹಲಗೆಯ ಸಂದಿಯಲ್ಲಿ ಒಂದು ಹಲ್ಲು ಸಿಕ್ಕಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಬೇಲಿಯ ಪಕ್ಕ ಮಣ್ಣು ಮಾಡಿ, ಕೈ ತೊಳೆದು ಬಂದು ಉಳಿದ ಕ್ಲಿಪ್ಪು ಬಿಚ್ಚಿದಳು.

ಅವಳ ಅಂಗಡಿ ಇಬ್ಬರು ನಿಂತರೆ ತುಂಬಿಹೋಗುವಷ್ಟು. ಗೋಡೆಯುದ್ದಕ್ಕೂ ಬಿಸ್ಕತ್ತಿನ ಹಳೆಯ ಡಬ್ಬಿಗಳು. ಯಾವುದರಲ್ಲಿ ಏನಿದೆ ಎಂದು ಹುಡುಕುವ ತಾಪತ್ರಯ ಬೇಡವೆಂದು ಒಳಗಿರುವ ಕ್ಲಿಪ್ಪಿನದೇ ಒಂದು ಮಾದರಿಯನ್ನು ಮುಚ್ಚಳಕ್ಕೆ ದಾರದಲ್ಲಿ ಕಟ್ಟಿರುತ್ತಾಳೆ. ಕಂಪನಿಯೇ ಮರೆತ ಕಾರಿಗೂ ಅವಳಲ್ಲಿ ಕ್ಲಿಪ್ಪುಂಟು. ನಿಯಮ ಒಂದೇ, ಮುರಿದದ್ದನ್ನು ತಂದು ತೋರಿಸಬೇಕು.

"ಅಕ್ಕಾ, ಬೆಳ್ಳಗೆ ಇರತ್ತೆ, ಅಣಬೆ ಥರ..."

"ಅಣಬೆ ಬೇಕಿದ್ರೆ ತರಕಾರಿ ಅಂಗಡಿಗೆ ಹೋಗು. ನಂಗೆ ಮುರಿದಿದ್ದು ತಗೊಂಡ್ಬಾ."

ಮುರಿದ ತುಂಡನ್ನು ಬೆರಳಲ್ಲಿ ಒಮ್ಮೆ ಹೊರಳಿಸಿದರೆ ಸಾಕು, ಅದು ಹೇಗೆ ಸತ್ತಿತೆಂದು ಹೇಳಬಲ್ಲಳು. ಬಿಸಿಲಿಗೆ ಬೆಂದದ್ದು ಪುಡಿಯಾಗುತ್ತದೆ. ಎಳೆದು ಕಿತ್ತದ್ದರ ಕತ್ತು ಜಗ್ಗಿ ಬೆಳ್ಳಗಾಗಿರುತ್ತದೆ. ಒಳಗಿನಿಂದ ಭಾರವಾದದ್ದೇನಾದರೂ ಬಂದು ಬಡಿದಿದ್ದರೆ ಕತ್ತು ಓರೆಯಾಗಿ, ಚಾಕುವಿನಿಂದ ಕೊಯ್ದ ಹಾಗೆ ತುಂಡಾಗಿರುತ್ತದೆ.

"ನೀನು ಹೆಣ ಕೊಯ್ಯೋ ಡಾಕ್ಟರಾಗ್ಬೇಕಿತ್ತು ಕಣಕ್ಕ," ಎನ್ನುತ್ತಿದ್ದ ಪಕ್ಕದ ಅಂಗಡಿಯಲ್ಲಿ ತಗಡು ಬಡಿಯುವ ಟಿಂಕರಿನವನು.

"ನಿನ್ನ ಸುತ್ತಿಗೆಗೆ ಸಿಕ್ಕ ಕಾರುಗಳನ್ನ ನೋಡಿ ನೋಡಿ ಕಲ್ತಿದ್ದು ಕಣೋ."

ಇಷ್ಟು ಚುರುಕಿನ ಕಣ್ಣು ತಂಗಿಯ ಗಂಡನ ಮುಂದೆ ಮಾತ್ರ ಮಂಜಾಗಿತ್ತು. ತಂದೆತಾಯಿ ಹೋದ ಮೇಲೆ ತಂಗಿಯನ್ನು ಸಾಕಿದವಳು ಇವಳೇ. ವರ ಹುಡುಕಿದವಳೂ ಇವಳೇ. ಬಾಡಿಗೆ ಕಾರು ಓಡಿಸುವ ಅವನು ಸೀಟಿನ ಕವರು ಬದಲಿಸಲು ಗುಜರಿ ಬೀದಿಗೆ ಬಂದಿದ್ದ. ಇವಳು ಬಾಗಿಲು ತೆರೆದು ನೋಡಿದಳು. ಚಾವಣಿಯಲ್ಲಿ ಒಂದು ಕಲೆ ಇಲ್ಲ, ಮೂಲೆಯಲ್ಲಿ ಧೂಳಿಲ್ಲ, ಒಂದು ಕ್ಲಿಪ್ಪೂ ಸಡಿಲವಾಗಿಲ್ಲ. ಕಾರಿನ ಒಳಗನ್ನು ಇಷ್ಟು ಜೋಪಾನ ಮಾಡುವವನು ಹೆಂಡತಿಯನ್ನು ಇನ್ನೆಷ್ಟು ಜೋಪಾನ ಮಾಡಿಯಾನು ಎಂದು ಲೆಕ್ಕ ಹಾಕಿದಳು. ಅದೇ ತಿಂಗಳು ಮಾತುಕತೆ ಮುಗಿಸಿದಳು.

ಮದುವೆಯಾಗಿ ಎರಡು ವರ್ಷಕ್ಕೆ ಅವನು ಮುರಿದ ಕ್ಲಿಪ್ಪು ಹಿಡಿದು ಬಂದ. ಎಡಗಡೆಯ ಮುಂದಿನ ಬಾಗಿಲಿನವು, ಮೂರು. ಕತ್ತು ಓರೆ.

"ನಿಮ್ಮ ತಂಗಿ ಬಾಗಿಲು ಹಾಕೋದನ್ನ ನೀವು ನೋಡ್ಬೇಕು ಅತ್ತಿಗೆ. ಕುಸ್ತಿಗೆ ಕಳಿಸಬಹುದು."

"ಚಿಕ್ಕವಳಿದ್ದಾಗ ಪಾತ್ರೆ ಕುಕ್ಕೋದೂ ಹಂಗೇ," ಎಂದು ಇವಳು ನಕ್ಕಳು.

ಮಳೆಗಾಲ ಮುಗಿಯುವಾಗ ಮತ್ತೆ ಬಂದ. ಈ ಸಲ ನಾಲ್ಕು. ಕತ್ತು ನೋಡಿದಳು. ಮಾಲೇ ಕಳಪೆ ಇರಬೇಕು ಅಂದುಕೊಂಡಳು. ಬೇರೆ ಯಾರೇ ತಂದಿದ್ದರೂ, ಆ ಸೀಟಲ್ಲಿ ಕೂರುವವರು ಯಾರಪ್ಪಾ ಎಂದು ಕೇಳಿರುತ್ತಿದ್ದಳು.

ಮೂರನೆಯ ಸಲ ಅವನಿಗೆ ರೇಗಿಹೋಗಿತ್ತು. "ಈ ಟಕ್ ಟಕ್ ಸಾಕಾಯ್ತು ಅತ್ತಿಗೆ. ಮುರೀದೇ ಇರೋದು ಏನಾದ್ರೂ ಹಾಕಿಕೊಡಿ."

ಹಳೆಯ ಕಾಲದ ದಪ್ಪ ಕಾರೊಂದರಿಂದ ತೆಗೆದ ಉಕ್ಕಿನ ಕ್ಲಿಪ್ಪುಗಳು ಅವಳಲ್ಲಿದ್ದವು. ಅಳತೆ ಹೊಂದುತ್ತಿರಲಿಲ್ಲ. ಅರ್ಧ ದಿನ ಕೂತು ಅರ ಹಿಡಿದು ಬಾಗಿಲಿನ ಒಂದೊಂದು ತೂತನ್ನೂ ಉಜ್ಜಿ ಅಗಲ ಮಾಡಿದಳು. ಅಂಗೈಗೆ ಬೊಬ್ಬೆ ಬಂತು. ಏಳು ತೂತಿಗೂ ಒಂದೊಂದು ಕೂರಿಸಿ, ಹಲಗೆಯ ಮೇಲೆ ಮುಷ್ಟಿಯಿಂದ ಗುದ್ದಿ ತೋರಿಸಿದಳು. ಕಮಕ್ ಕಿಮಕ್ ಅನ್ನಲಿಲ್ಲ.

"ಇನ್ನು ಆನೆ ಒದ್ದರೂ ಅಲುಗಲ್ಲ, ಹೋಗಪ್ಪಾ."

ಇಪ್ಪತ್ತು ದಿನವೂ ಆಗಿರಲಿಲ್ಲ. ಮಟಮಟ ಮಧ್ಯಾಹ್ನ ತಂಗಿ ನಡೆದುಕೊಂಡೇ ಅಂಗಡಿಗೆ ಬಂದಳು. ಬಲಗೈಯಲ್ಲಿ ಎಡಗೈಯನ್ನು ಕೂಸಿನಂತೆ ಎತ್ತಿಕೊಂಡಿದ್ದಳು. ಆ ಕೈ ಮಣಿಕಟ್ಟಿಗೂ ಮೊಣಕೈಗೂ ನಡುವೆ, ಬಾಗಬಾರದ ಕಡೆ ಬಾಗಿತ್ತು. ತುಟಿ ಸೀಳಿತ್ತು. ಕಿವಿಯಿಂದ ಇಳಿದ ರಕ್ತ ಕುತ್ತಿಗೆಯಲ್ಲಿ ಒಣಗಿ ಹೆಪ್ಪುಗಟ್ಟಿತ್ತು.

"ಪುಟ್ಟೀ! ಏನಾಯ್ತೇ?"

ತಂಗಿ ಸ್ಟೂಲಿನ ಮೇಲೆ ಕುಸಿದಳು. ಅಳಲಿಲ್ಲ. ಬಹಳ ದಿನದ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು.

"ಮನೇಲಿ ಹೊಡೆಯಲ್ಲ ಅಕ್ಕಾ. ಪಕ್ಕದ ಮನೆಯವರಿಗೆ ಕೇಳಿಸತ್ತೆ. ಊರಾಚೆ ಕರ್ಕೊಂಡು ಹೋಗಿ, ಕಿಟಕಿ ಏರಿಸಿ, ಕೂದಲು ಹಿಡಿದು ಬಾಗಿಲಿಗೆ ಅಪ್ಪಳಿಸ್ತಾನೆ. ಮೊದಲೆಲ್ಲ ಒಂದೆರಡು ಏಟಿಗೇ ಟಕ್ ಅಂತ ಸದ್ದು ಬರ್ತಿತ್ತು. ಅಯ್ಯೋ ಕಾರು ಹಾಳಾಯ್ತು ಅಂತ ಅಲ್ಲಿಗೆ ನಿಲ್ಲಿಸ್ತಿದ್ದ. ನಾನೂ ಯಾವಾಗ ಟಕ್ ಅನ್ನತ್ತೋ ಅಂತ ಕಾಯ್ತಿದ್ದೆ. ಈ ಸಲ ಸದ್ದೇ ಬರ್ಲಿಲ್ಲ ಕಣೆ."

ಕ್ಲಿಪ್ಪಕ್ಕನ ಅಂಗೈಯಲ್ಲಿ ಅರ ಹಿಡಿದ ಬೊಬ್ಬೆಯ ಗುರುತು ಇನ್ನೂ ಮಾಸಿರಲಿಲ್ಲ. ಅದನ್ನೇ ನೋಡುತ್ತ ನಿಂತಳು.

"ಯಾಕೇ ಹೇಳ್ಲಿಲ್ಲ ನಂಗೆ?"

"ನೀನು ನೋಡಿ ತಂದ ಗಂಡಲ್ವಾ ಅಕ್ಕಾ."

ಹೊರಗೆ ಕಾರು ನಿಂತಿತು. ಅವನು ಇಳಿದು, ಎಡಗಡೆಯ ಬಾಗಿಲು ಅಗಲಕ್ಕೆ ತೆರೆದಿಟ್ಟು, ಕೂದಲು ಬಾಚಿಕೊಂಡು ಬಂದ. ದನಿಯಲ್ಲಿ ಬೆಣ್ಣೆ.

"ಮೆಟ್ಟಿಲ ಮೇಲಿಂದ ಬಿದ್ದುಬಿಟ್ಲು ಅತ್ತಿಗೆ. ಆಸ್ಪತ್ರೆಗೆ ಹೋಗೋಣ ಅಂದ್ರೆ ಓಡಿ ಬಂದಿದಾಳೆ. ಏಳೇ."

"ಅವಳು ಬರಲ್ಲ. ನಾನು ಕರ್ಕೊಂಡು ಹೋಗ್ತೀನಿ."

"ನನ್ನ ಹೆಂಡ್ತಿನ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ನಂಗೆ ಗೊತ್ತು."

ಕ್ಲಿಪ್ಪಕ್ಕ ಅಡ್ಡ ನಿಂತಳು. ಮೊಣಕೈಯಿಂದ ಎದೆಗೆ ಒಂದು ಬಿಟ್ಟ. ಅವಳು ಹಿಂದಕ್ಕೆ ಬಿದ್ದ ರಭಸಕ್ಕೆ ಗೋಡೆಯ ಹಲಗೆ ಕಿತ್ತುಬಂದು, ಡಬ್ಬಿಗಳೆಲ್ಲ ದಬದಬ ಉರುಳಿ, ಇಪ್ಪತ್ತು ವರ್ಷದ ಕ್ಲಿಪ್ಪುಗಳು ನೆಲಕ್ಕೆ ಚೆಲ್ಲಿದವು. ಅವನು ತಂಗಿಯ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಹೊರಗೆಳೆದ. ಮುರಿದ ಕೈ ಬಾಗಿಲಿಗೆ ತಾಗಿ ಅವಳು ಕಿರುಚಿದ ಕಿರುಚಾಟಕ್ಕೆ ಬೀದಿಯಲ್ಲಿ ಸುತ್ತಿಗೆಗಳೆಲ್ಲ ನಿಂತವು. ಟಿಂಕರಿನವನು ಓಡಿ ಬಂದವನು ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. "ಗಂಡ ಹೆಂಡ್ತಿ ವಿಷಯ..." ಎಂದ, ಯಾರಿಗೆಂದಿಲ್ಲದೆ.

ಕ್ಲಿಪ್ಪಕ್ಕ ಎದ್ದಳು. ಕಾರಿನ ಹತ್ತಿರ ಅವನು ಬಲಗೈಯಿಂದ ಎರಡು ಬಾಗಿಲುಗಳ ನಡುವಿನ ಕಂಬ ಹಿಡಿದು, ಎಡಗೈಯಿಂದ ತಂಗಿಯನ್ನು ಸೀಟಿಗೆ ತುರುಕುತ್ತಿದ್ದ. ಇವಳು ಹಿಂದಿನಿಂದ ಬಂದು ತಂಗಿಯ ಸೊಂಟಕ್ಕೆ ತೋಳು ಹಾಕಿ, ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಎಳೆದಳು. ತಂಗಿ ಮಣ್ಣಿಗೆ ಬಿದ್ದಳು. ಒಂದು ಹಿಡಿ ಕೂದಲು ಅವನ ಮುಷ್ಟಿಯಲ್ಲೇ ಉಳಿಯಿತು. ಬಲಗೈ ಇನ್ನೂ ಕಂಬದ ಮೇಲಿತ್ತು. ದೇವರು ಅಷ್ಟು ಹೊತ್ತು ಕೊಟ್ಟ. ಕ್ಲಿಪ್ಪಕ್ಕ ಹೆಗಲು ಕೊಟ್ಟು ಬಾಗಿಲನ್ನು ದಢಾರನೆ ಹಾಕಿದಳು.

ಎಲುಬಿನ ಸದ್ದು ಕೇಳಿಸಿತು. ಹಲಗೆ ಅಲುಗಲಿಲ್ಲ.

ಅವಳು ತಿರುಗಿ, ಬಾಗಿಲಿಗೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ ನಿಂತಳು. ಅವನು ಊಳಿಟ್ಟ. ಬಿಡುವಾಗಿದ್ದ ಕೈಯಿಂದ ಅವಳ ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. ಮೂಗಿನ ಮೂಳೆ ಮುರಿದು ರಕ್ತ ಬಾಯಿಗೆ ಇಳಿಯಿತು.

"ಪುಟ್ಟೀ, ಒಳಗೆ ಹೋಗು. ಶಟರ್ ಎಳ್ಕೊಂಡು ಚಿಲಕ ಹಾಕ್ಕೋ."

ತಂಗಿ ಮಂಡಿಯ ಮೇಲೇ ತೆವಳುತ್ತ ಅಂಗಡಿಯೊಳಗೆ ಹೊರಟಳು. ಚೆಲ್ಲಿದ ಕ್ಲಿಪ್ಪುಗಳು ಮಂಡಿಗೆ ಚುಚ್ಚುತ್ತಿದ್ದವು.

"ಅಕ್ಕಾ, ಬಾಗಿಲು ಬಿಡಕ್ಕಾ, ಅವನ ಬೆರಳು ಹೋಗತ್ತೆ!" ಟಿಂಕರಿನವನು ಕೂಗಿದ.

"ಚಿಲಕದ ಸದ್ದು ಕೇಳ್ಲಿ."

ಒಂದೇ ಕೈಯಲ್ಲಿ ಶಟರ್ ಎಳೆಯುವುದು ಸುಲಭವಲ್ಲ. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು, ಮತ್ತೆ ಮೇಲೆ ಹೋಯಿತು, ಮತ್ತೆ ಇಳಿಯಿತು. ಅಷ್ಟು ಹೊತ್ತೂ ಅವನು ಗುದ್ದುತ್ತಲೇ ಇದ್ದ, ಆಮೇಲಾಮೇಲೆ ಬರೀ ತಳ್ಳುತ್ತಿದ್ದ, ಕೊನೆಗೆ ಅವಳ ಹೆಗಲ ಮೇಲೇ ಹಣೆಯಿಟ್ಟು "ಅತ್ತಿಗೆ, ಅತ್ತಿಗೆ" ಎನ್ನತೊಡಗಿದ. ಒಳಗಿನಿಂದ ಟಕ್ ಎಂದು ಚಿಲಕ ಬಿತ್ತು. ಆಗ ಕ್ಲಿಪ್ಪಕ್ಕ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಟಿಂಕರಿನವನು, ಈಗಲಾದರೂ, ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತ.

ಠಾಣೆಯಲ್ಲಿ ಅವಳು ಮೂಗಿಗೆ ಬಟ್ಟೆ ಹಿಡಿದುಕೊಂಡೇ ಮೊದಲಿನಿಂದ ಹೇಳಿದಳು, ಉಕ್ಕಿನ ಕ್ಲಿಪ್ಪು ಹಾಕಿದ್ದನ್ನೂ ಸೇರಿಸಿ.

"ಕ್ಲಿಪ್ಪಿನ ವಿಷಯ ಇದಕ್ಕೆ ಬೇಡಮ್ಮ," ಎಂದ ಬರೆದುಕೊಳ್ಳುತ್ತಿದ್ದವನು.

"ಬರ್ಕೊಳ್ಳಿ ಸಾರ್. ಅದು ನಾನು ಮಾಡಿದ್ದು."

ಅವನ ಎರಡು ಬೆರಳು ಹೋದವು. ಅವನ ಮೇಲೆ ಒಂದು ಕೇಸು, ಇವಳ ಮೇಲೆ ಒಂದು ಕೇಸು. ದಿನ ಬಂದಾಗ ಅಂಗಡಿ ಮುಚ್ಚಿ ಕೋರ್ಟಿಗೆ ಹೋಗಿ ಬರುತ್ತಾಳೆ. ಮೂಗು ಸೊಟ್ಟಗೇ ಕೂಡಿಕೊಂಡಿದೆ. ತಂಗಿಯ ಕೈಯೊಳಗೆ ಉಕ್ಕಿನ ಪಟ್ಟಿ ಕೂರಿಸಿದ್ದಾರೆ. ಚೆಲ್ಲಿದ ಕ್ಲಿಪ್ಪುಗಳನ್ನು ತಂಗಿಯೇ ಒಂದು ತಿಂಗಳು ಕೂತು ಆರಿಸಿ, ಡಬ್ಬಿಗೆ ತುಂಬಿದಳು. ಆರಿಸುತ್ತಾ ಆರಿಸುತ್ತಾ ಕತ್ತು ಓದುವುದನ್ನೂ ಕಲಿತಳು.

ಮೊನ್ನೆ ಒಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮುಂದಿನ ಬಾಗಿಲಿನ ಮೂರು ಕ್ಲಿಪ್ಪು ಮೇಜಿನ ಮೇಲಿಟ್ಟು, "ಪ್ಲಾಸ್ಟಿಕ್ ಬೇಡ, ಗಟ್ಟಿದು ಕೊಡಿ," ಎಂದ. ತಂಗಿ ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಆ ಸೀಟಲ್ಲಿ ಯಾರು ಕೂರ್ತಾರೆ?"

"ನನ್ನ ಹೆಂಡ್ತಿ. ಯಾಕೆ?"

"ಅವ್ರನ್ನ ಕರ್ಕೊಂಡು ಬನ್ನಿ. ಅವ್ರ ಕೈಗೇ ಕೊಡ್ತೀವಿ."

ಇದೆಂಥಾ ಅಂಗಡಿ ಎಂದು ಬೈದುಕೊಳ್ಳುತ್ತ ಅವನು ಹೋದ. ಕ್ಲಿಪ್ಪಕ್ಕ ಬಾಗಿಲಿಗೆ ಬಂದು, ಅವನ ಕಾರಿನ ನಂಬರನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಂಡು, ಟಿಂಕರಿನವನನ್ನು ಕೂಗಿದಳು. "ಈ ಕಾರು ಯಾವ ಮನೆ ಮುಂದೆ ನಿಲ್ಲತ್ತೆ, ನೋಡ್ಕೊಂಡು ಬಾರೋ."